ಗಾಲ್ವೇಗೆ ಒಯ್ದ ಚಿತ್ರಾನ್ನ

ತಲೆಗೆ 100 ಯುರೋ, ಅಷ್ಟೇ. ಡಬ್ಲಿನ್‌ನಿಂದ ಗಾಲ್ವೇಗೆ ಹೋಗಿ ಬರುವ ಬಸ್ಸು, ಒಂದು ರಾತ್ರಿಯ ಹಾಸ್ಟೆಲ್, ಭಾನುವಾರದ ಟೂರ್ ಬಸ್ಸು ಎಲ್ಲ ಅದರಲ್ಲೇ ಮುಗಿಯಬೇಕು ಅಂತ ಏಳು ಜನ ಅಡುಗೆಮನೆಯಲ್ಲಿ ನಿಂತು ತೀರ್ಮಾನ ಮಾಡಿದೆವು. 2024ರ ಮೇ ತಿಂಗಳು. ಎಲ್ಲರೂ ಐರ್ಲೆಂಡಿಗೆ ಓದೋಕೆ ಬಂದವರು. ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಆಗ ಕನಿಷ್ಠ ಕೂಲಿ ಗಂಟೆಗೆ 12.70 ಯುರೋ ಇತ್ತು. ಅಂದರೆ ಈ ಎರಡು ದಿನಕ್ಕೆ ಒಬ್ಬೊಬ್ಬರದೂ ಹತ್ತಿರ ಹತ್ತಿರ ಎಂಟು ಗಂಟೆಯ ದುಡಿಮೆ. ಹೋಟೆಲ್ ಊಟಕ್ಕೆ ಏನೂ ಉಳಿಯಲಿಲ್ಲ. ಬ್ಯಾಗಿನಲ್ಲಿ ಎರಡು ಕೆಜಿ ಅಕ್ಕಿ, ಕಡ್ಲೆಬೀಜ, ಒಣಮೆಣಸಿನಕಾಯಿ, ನಿಂಬೆಹಣ್ಣು, ಚಟ್ನಿಪುಡಿ ತುಂಬಿಕೊಂಡೆವು. ಹಾಸ್ಟೆಲ್‌ನಲ್ಲಿ ಅಡುಗೆಮನೆ ಇದೆ ಅಂತ ಮೊದಲೇ ಕೇಳಿಕೊಂಡಿದ್ದೆವು.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಎರಡೂವರೆ ಗಂಟೆಯಲ್ಲಿ ದೇಶದ ಪೂರ್ವದಿಂದ ಪಶ್ಚಿಮದ ದಡಕ್ಕೆ ಬಂದಾಯ್ತು. ಅಷ್ಟೇ ಅಗಲದ ದೇಶ ಇದು. ಊರ ನಡುವಿನ ಏರ್ ಸ್ಕ್ವೇರ್, 1584ರ ಕಲ್ಲಿನ ಕಮಾನು ಸ್ಪ್ಯಾನಿಷ್ ಆರ್ಚ್, ಕೊರಿಬ್ ನದಿಯ ದಡ, ಎರಡು ಕೈ ಸೇರಿ ಹೃದಯ ಹಿಡಿದಿರುವ ಕ್ಲಾಡಾ ಉಂಗುರದ ಅಂಗಡಿಗಳು. ಎಲ್ಲವನ್ನೂ ನಡೆದೇ ನೋಡಿದೆವು.

ರಾತ್ರಿ ಒಂಬತ್ತೂವರೆಗೂ ಬೆಳಕಿತ್ತು. ಒಂದು ಪಬ್ಬಿನೊಳಗೆ ಸಂಗೀತ ಕೇಳಿಸಿತು, ಹೋದೆವು. ವೇದಿಕೆ ಇಲ್ಲ, ಮೈಕ್ ಇಲ್ಲ. ಒಂದು ಮೇಜಿನ ಸುತ್ತ ಆರು ಜನ ಕೂತಿದ್ದರು, ಅರ್ಧ ಜನ ನಮಗೆ ಬೆನ್ನು ಹಾಕಿ. ಎರಡು ಫಿಡಲ್, ಒಂದು ಟಿನ್ ವಿಸಲ್, ಒಂದು ಅಕಾರ್ಡಿಯನ್, ಒಂದು ಗಿಟಾರ್, ಒಂದು ಬೌರಾನ್. ಬೌರಾನ್ ಅಂದರೆ ಆಡಿನ ಚರ್ಮ ಬಿಗಿದ ದುಂಡನೆಯ ವಾದ್ಯ, ನೋಡಲಿಕ್ಕೆ ನಮ್ಮ ತಮಟೆಯ ತಮ್ಮ. ಚಿಕ್ಕ ಕೋಲಿನಲ್ಲಿ ಬಾರಿಸುತ್ತಾ, ಎಡಗೈಯನ್ನು ಒಳಗಿನಿಂದ ಚರ್ಮಕ್ಕೆ ಒತ್ತಿ ನಾದ ಬದಲಿಸುತ್ತಿದ್ದರು. ಯಾರೂ ಜನ ಕೇಳಲಿ ಅಂತ ನುಡಿಸುತ್ತಿರಲಿಲ್ಲ. ತಮ್ಮ ತಮ್ಮಲ್ಲೇ ಮಾತಾಡಿಕೊಂಡ ಹಾಗಿತ್ತು. ಬಾಗಿಲು ತೆರೆದಿತ್ತು, ನಾವು ಕೇಳಿಸಿಕೊಂಡೆವು.

ಆಮೇಲೆ ಮೂಲೆಯಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಕಣ್ಣು ಮುಚ್ಚಿ ಹಾಡಲು ಶುರು ಮಾಡಿದರು. ಗ್ಲಾಸಿನ ಸದ್ದೂ ನಿಂತಿತು. ಪಕ್ಕವಾದ್ಯ ಇಲ್ಲದ ಈ ಹಾಡಿಗೆ ಶಾನ್ ನೋಸ್ ಅಂತಾರೆ, ಹಳೇ ಧಾಟಿ ಅಂತ ಅರ್ಥ. ಭಾಷೆ ಐರಿಷ್. ಪಕ್ಕದಲ್ಲಿ ಕೂತಿದ್ದ ಗಂಡಸು ಅವರ ಕೈ ಹಿಡಿದುಕೊಂಡು, ಹಾಡು ಸಾಗಿದಂತೆ ಆ ಕೈಯನ್ನು ನಿಧಾನವಾಗಿ ಸುತ್ತಿಸುತ್ತಿದ್ದರು. ಸುತ್ತು, ಮತ್ತೊಂದು ಸುತ್ತು. ನಮ್ಮಲ್ಲಿದ್ದ ಹಾಸನದವನು ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದ: "ಬೀಸೋಕಲ್ಲು ಕಣೋ. ನಮ್ಮಜ್ಜಿ, ದೊಡ್ಡಮ್ಮ ಇಬ್ರೂ ಒಂದೇ ಗೂಟ ಹಿಡ್ಕೊಂಡು ಹಿಂಗೇ ತಿರುಗಿಸ್ತಾ ಹಾಡ್ತಿದ್ರು." ಹಾಡು ಮುಗಿಯುವವರೆಗೂ ನಾನು ಆ ಕೈಗಳನ್ನೇ ನೋಡುತ್ತಿದ್ದೆ.

ಹಾಸ್ಟೆಲ್‌ಗೆ ವಾಪಸ್ ಬರುವಾಗ ನದಿಯ ಸೇತುವೆ ಮೇಲೆ ಹುಬ್ಬಳ್ಳಿಯ ಗೆಳತಿ ನಿಂತುಬಿಟ್ಟಳು. "ಸವಿತಾ ಅವರು ಇದೇ ಊರಾಗ ಇದ್ರಲ್ಲ" ಅಂದಳು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್. 2012ರ ಅಕ್ಟೋಬರ್‌ನಲ್ಲಿ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೂ ಗರ್ಭಪಾತಕ್ಕೆ ಅವಕಾಶ ಸಿಗದೆ, ನಂಜೇರಿ, 31ನೇ ವಯಸ್ಸಿಗೆ ಇಲ್ಲಿ ತೀರಿಕೊಂಡರು. 2018ರ ಮೇ 25ರಂದು ಈ ದೇಶದ ಜನ ವೋಟು ಹಾಕಿ ಸಂವಿಧಾನದಲ್ಲಿದ್ದ ಆ ನಿರ್ಬಂಧವನ್ನು ತೆಗೆದರು. ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತೆವು. ಯಾರೂ ಏನೂ ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೇ ಎದ್ದು ಹಾಸ್ಟೆಲ್ ಅಡುಗೆಮನೆಯಲ್ಲಿ ಅನ್ನ ಮಾಡಿ, ಹರಡಿ ಆರಿಸಿ, ಒಗ್ಗರಣೆ ಕಲೆಸಿ ದೊಡ್ಡ ಡಬ್ಬಿಗೆ ತುಂಬಿದೆವು. ಟೂರ್ ಬಸ್ಸಿನ ಚಾಲಕರಿಗೆ ಅರವತ್ತು ದಾಟಿರಬೇಕು. ಗಾಲ್ವೇ ಪಕ್ಕದ ಕನಮಾರ ಸೀಮೆಯವರು. ಮನೆಮಾತು ಐರಿಷ್. ಅವರೇ ಓಡಿಸುತ್ತಾ ಅವರೇ ಊರುಗಳ ಕಥೆ ಹೇಳುತ್ತಿದ್ದರು. ಇಲ್ಲಿ ರಸ್ತೆಯ ಬೋರ್ಡುಗಳಲ್ಲಿ ಮೇಲೆ ಓರೆ ಅಕ್ಷರದಲ್ಲಿ ಐರಿಷ್, ಕೆಳಗೆ ಇಂಗ್ಲಿಷ್ ಇರುತ್ತದೆ. ನಾನು ಬಂದಾಗಿನಿಂದ ಕೆಳಗಿನ ಸಾಲನ್ನಷ್ಟೇ ಓದಿದ್ದೆ. ಅವತ್ತು ಮೊದಲ ಸಲ ಮೇಲಿನ ಸಾಲನ್ನು ಬಾಯಿಬಿಟ್ಟು ಓದಿದೆ. ನಮ್ಮೂರಿನ ಬೋರ್ಡನ್ನು ಯಾರಾದರೂ ಹೀಗೆ ಅರ್ಧ ಓದಿ ಹೋದರೆ ನನಗೇ ಬೇಜಾರಾಗುತ್ತೆ ಅಲ್ವಾ.

ಬರೆನ್ ಅನ್ನುವ ಕಡೆ ಬಸ್ಸು ನಿಂತಿತು. ಬರೆನ್ ಅಂದರೆ ಕಲ್ಲುನೆಲ. ಕಣ್ಣು ಹಾಯುವಷ್ಟೂ ಬೂದುಬಣ್ಣದ ಸುಣ್ಣಕಲ್ಲಿನ ಹಾಸು. 30 ಕೋಟಿ ವರ್ಷಕ್ಕೂ ಹಿಂದೆ ಇದು ಬೆಚ್ಚಗಿನ ಸಮುದ್ರದ ತಳವಾಗಿತ್ತು. ಕಲ್ಲಿನ ಸೀಳುಗಳಲ್ಲಿ ಬಗ್ಗಿ ನೋಡಿದರೆ ಒಳಗೆ ತಂಪು, ಜರಿಗಿಡ. ಸೀಳಿನ ಅಂಚಿನಲ್ಲಿ ಬೆರಳುಗುರಿನಷ್ಟು ದೊಡ್ಡ ಹೂವು: ಐದು ಎಸಳು, ಕಡುನೀಲಿ, ನಡುವೆ ಒಂದು ಬಿಳಿ ಚುಕ್ಕಿ. ಸ್ಪ್ರಿಂಗ್ ಜೆನ್ಷಿಯನ್. ಆ ನೀಲಿ ಯಾವ ಫೋನಿನ ಕ್ಯಾಮೆರಾಗೂ ಸಿಗಲಿಲ್ಲ.

ಎದುರಿನ ಗುಡ್ಡದ ಮೇಲೆ ಒಂದು ಕಲ್ಲುಗೋಡೆ. ನೆಟ್ಟಗೆ ಮೇಲೇರಿ ನೆತ್ತಿಯಲ್ಲಿ ಹಾಗೇ ಮುಗಿದುಹೋಗಿತ್ತು. ಅತ್ತ ಹೊಲ ಇಲ್ಲ, ಇತ್ತ ದನ ಇಲ್ಲ. ಗಾರೆ ಇಲ್ಲದೆ ಜೋಡಿಸಿದ ಕಲ್ಲುಗಳ ಸಂದಿಯಿಂದ ಆಕಾಶ ಕಾಣುತ್ತಿತ್ತು. ಇದು ಯಾತಕ್ಕೆ ಅಂತ ಕೇಳಿದೆ. ಆನ್ ಗೊರ್ತ ಮೋರ್ ಅಂದರು ಚಾಲಕರು. ದೊಡ್ಡ ಹಸಿವು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಬಡವರ ಊಟ ಅಂದರೆ ಅದೊಂದೇ. ಮುಂದಿನ ಏಳು ವರ್ಷದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನು 10 ಲಕ್ಷ ಜನ ಹಡಗು ಹತ್ತಿದರು. ಅದೇ ಸಮಯದಲ್ಲಿ ದವಸವೂ ಹಡಗೇರಿ ಹೊರಗೆ ಹೋಗುತ್ತಿತ್ತು. ಸುಮ್ನೆ ಊಟ ಹಾಕಿದರೆ ಜನ ಸೋಮಾರಿಗಳಾಗುತ್ತಾರೆ ಅಂತ ಆಗ ಆಳುತ್ತಿದ್ದ ಬ್ರಿಟಿಷರು ಕೆಲಸ ಹುಟ್ಟಿಸಿದರು. ಎಲ್ಲಿಗೂ ಹೋಗದ ರಸ್ತೆ, ಏನನ್ನೂ ಕಾಯದ ಗೋಡೆ. 1841ರಲ್ಲಿ ಈ ದ್ವೀಪದಲ್ಲಿ 80 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಆ ಲೆಕ್ಕ ಇವತ್ತಿಗೂ ತುಂಬಿಲ್ಲ.

ನನ್ನೂರು ಮದ್ದೂರಿನ ಹತ್ತಿರ. ಮನೆಯ ಹಿಂದೆಯೇ ಬೆಂಗಳೂರು–ಮೈಸೂರು ರೈಲು ಹಳಿ. ಅದನ್ನೂ 1876–78ರ ಧಾತು ಈಶ್ವರ ಬರದ ಕಾಲದಲ್ಲಿ, ಹಸಿದವರಿಗೆ ಕೂಲಿ ಕೊಡಲು ಅಂತಲೇ ಶುರು ಮಾಡಿದ್ದು. ಅದರ ಮೇಲೆ ಇವತ್ತೂ ರೈಲು ಓಡುತ್ತದೆ, ಹಾಗಾಗಿ ಅದು ಬರದ ಹಳಿ ಅಂತ ಯಾರಿಗೂ ಅನಿಸುವುದಿಲ್ಲ. ಈ ಗೋಡೆಗೆ ಬೇರೆ ಕೆಲಸವೇ ಇಲ್ಲ. ಗೋಡೆಯನ್ನು ನೋಡಿದ ಕೂಡಲೇ ಕಟ್ಟಿದವರ ಹಸಿವೇ ನೆನಪಾಗುತ್ತದೆ.

ಡೂಲಿನ್ ಅನ್ನುವ ಹಳ್ಳಿಯಲ್ಲಿ ಮಿಕ್ಕವರೆಲ್ಲ ಊಟಕ್ಕೆ ಪಬ್ಬಿನೊಳಗೆ ಹೋದರು. ನಾವು ಹೊರಗೆ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದೆವು. ಚಾಲಕರು ಬಂದು ಐರಿಷ್‌ನಲ್ಲಿ ಏನೋ ಕೇಳಿದರು. ತಾವು ಕೇಳಿದ್ದು ಹಸಿವಾ ಅಂತ, ಅದಕ್ಕೆ "ತಾ ಒಕ್ರಸ್ ಒರಮ್" ಅನ್ನಬೇಕು ಅಂದರು. ಒಂದೊಂದೇ ಪದ ಬಿಡಿಸಿ ಹೇಳಿ ಅಂದೆ. ಇದೆ, ಹಸಿವು, ನನ್ನ ಮೇಲೆ. ಕೇಳಿ ಮೈ ಜುಮ್ಮೆಂದಿತು. ಇಂಗ್ಲಿಷಿನಲ್ಲಿ ನಾನೇ ಹಸಿದವನಾಗಬೇಕು. ಇವರಲ್ಲಿ ಹಸಿವು ಬಂದು ಮೇಲೆ ಕೂರುತ್ತದೆ, ನಮ್ಮಲ್ಲಿ ನನಗೆ ಹಸಿವಾಗುತ್ತದೆ. ಆಮೇಲೆ ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಪುಸ್ತಕ ಇದೆ ಅನ್ನಲು ಇವರೂ "ನನ್ನ ಹತ್ತಿರ ಪುಸ್ತಕ ಇದೆ" ಅಂತಾರೆ. ಹೌದು, ಇಲ್ಲ ಅನ್ನಲು ಬೇರೆ ಪದಗಳೇ ಇಲ್ಲ. ಬಂದ್ಯಾ ಅಂದರೆ ಬಂದೆ, ಅಷ್ಟೇ. ಥ್ಯಾಂಕ್ಸ್‌ಗೆ "ಗುರೆವ್ ಮಹಗತ್". ಅದನ್ನೂ ಬಿಡಿಸಿದರೆ "ನಿಮಗೆ ಒಳ್ಳೆಯದಾಗಲಿ". ನಮ್ಮಜ್ಜಿ ಯಾರಿಗೂ ಥ್ಯಾಂಕ್ಸ್ ಹೇಳಿದವರಲ್ಲ. ಒಳ್ಳೇದಾಗ್ಲಿ ಕಣಪ್ಪ ಅನ್ನುತ್ತಿದ್ದರು.

"ಮೊದಲ ಅವರಿಗೆ ಹಾಕಿ ಕೊಡು, ಆಮ್ಯಾಲೆ ಮಾತಾಡು" ಅಂದಳು ಹುಬ್ಬಳ್ಳಿಯವಳು. ಡಬ್ಬಿಯ ಮುಚ್ಚಳದಲ್ಲಿ ಹಾಕಿ ಕೊಟ್ಟೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದರು. ಕರಿಬೇವಿನ ಎಲೆಗಳನ್ನು ಮಾತ್ರ ಅಂಚಿಗೆ ಸಾಲಾಗಿ ಜೋಡಿಸಿಟ್ಟರು.

ಮೋಹರ್ ಬಂಡೆಗಳ ಹತ್ತಿರ ಬಂದಾಗ ಮಂಜು ಮುಸುಕಿತ್ತು. 214 ಮೀಟರ್ ಎತ್ತರದ ಬಂಡೆಗಳು ಎದುರಿಗೇ ಇದ್ದರೂ ಬರೀ ಬಿಳಿ. ಕೆಳಗೆಲ್ಲೋ ಸಮುದ್ರ ಬಡಿಯುವ ಸದ್ದು, ಹಕ್ಕಿಗಳ ಕೂಗು. ಒಂದು ಗಂಟೆ ಕಾದ ಮೇಲೆ ಗಾಳಿ ತಿರುಗಿತು. ಮೊದಲು ಕಾಲ ಬುಡದ ಗುಲಾಬಿ ಬಣ್ಣದ ಹೂ ಕಂಡಿತು. ಆಮೇಲೆ ಒಂದು ಬಂಡೆ, ಅದರಾಚೆ ಇನ್ನೊಂದು, ಕೊನೆಗೆ ಅಟ್ಲಾಂಟಿಕ್ ಅಷ್ಟೂ. ಇಪ್ಪತ್ತು ನಿಮಿಷದಲ್ಲಿ ಮತ್ತೆ ಮುಚ್ಚಿಕೊಂಡಿತು. ಸಾಕಾಯ್ತು ನಮಗೆ.

ಗಾಲ್ವೇಯಲ್ಲಿ ಇಳಿಯುವಾಗ ಏಳೂ ಜನ ಸಾಲಾಗಿ ಚಾಲಕರಿಗೆ "ಗುರೆವ್ ಮಹಗತ್" ಹೇಳಿದೆವು. ಹಾಸನದವನ ನಾಲಿಗೆ ಸರಿಯಾಗಿ ಹೊರಳಲಿಲ್ಲ. ಅವರು ಬಿಡಲಿಲ್ಲ, ಬಾಗಿಲಲ್ಲೇ ನಿಲ್ಲಿಸಿ ಮೂರು ಸಲ ಹೇಳಿಸಿದರು. ಮೂರನೇ ಸಲಕ್ಕೆ ತಲೆದೂಗಿದರು. ಡಬ್ಲಿನ್ ಬಸ್ಸಿಗೆ ಹತ್ತೇ ನಿಮಿಷ ಇತ್ತು. ಖಾಲಿ ಡಬ್ಬಿ ಹಿಡಿದುಕೊಂಡು ಓಡಿದೆವು.