ನ್ಸಾಂಬ್ಯಾ ಗುಡ್ಡದ ಸಿಸ್ಟರ್‌ಗಳು

ಉಗಾಂಡಾದಲ್ಲಿ ಜನವರಿ 15 ಸರ್ಕಾರಿ ರಜೆಯೇನೂ ಅಲ್ಲ. ಆದರೆ ಕಂಪಾಲಾದ ನ್ಸಾಂಬ್ಯಾ ಗುಡ್ಡದ ಮಟ್ಟಿಗೆ ಅದು ದೊಡ್ಡ ದಿನ. 1903ರಲ್ಲಿ ಅದೇ ದಿನ ಆರು ಜನ ಫ್ರಾನ್ಸಿಸ್ಕನ್ ಸಿಸ್ಟರ್‌ಗಳು, ಅಂದರೆ ಕ್ಯಾಥೊಲಿಕ್ ಸನ್ಯಾಸಿನಿಯರು, ಲಂಡನ್ನಿನ ಮಿಲ್ ಹಿಲ್‌ನಿಂದ ಹೊರಟು, ಆರು ವಾರ ಪ್ರಯಾಣ ಮಾಡಿ ಇಲ್ಲಿಗೆ ಬಂದು ಸೇರಿದರು. 2023ಕ್ಕೆ ಅದಕ್ಕೆ 120 ತುಂಬಿತು. ಅದೇ ವರ್ಷ ಇನ್ನೊಂದು ಲೆಕ್ಕವೂ ಕೂಡಿಬಂತು. ನ್ಕೊಕೊಂಜೆರು ಅನ್ನೋ ಊರಿನಲ್ಲಿ ಸ್ಥಳೀಯ ಹುಡುಗಿಯರಿಗಾಗಿಯೇ ಶುರುವಾದ 'ಲಿಟ್ಲ್ ಸಿಸ್ಟರ್ಸ್ ಆಫ್ ಸೇಂಟ್ ಫ್ರಾನ್ಸಿಸ್' ಸಭೆಗೆ, ಅಂದರೆ ಸನ್ಯಾಸಿನಿಯರ ಸಂಘಕ್ಕೆ, ನೂರು ವರ್ಷ. ನನ್ನನ್ನು ಕೇಳಿದರೆ ಜಾಸ್ತಿ ಸಂಭ್ರಮ ಪಡಬೇಕಾದದ್ದು ಈ ಎರಡನೆಯದಕ್ಕೆ.

ಯಾಕೆ ಅಂತ ಹೇಳುತ್ತೇನೆ. ಮಿಷನರಿಗಳ ವಾರ್ಷಿಕೋತ್ಸವದ ಭಾಷಣಗಳು ನಿಮಗೂ ಗೊತ್ತಲ್ವಾ? ತ್ಯಾಗಮೂರ್ತಿ, ಕರುಣಾಮಯಿ, ಕತ್ತಲಲ್ಲಿ ಬೆಳಕು. ಕೇಳಿ ಕೇಳಿ ಸಾಕಾಗಿದೆ. ಆ ಮಾತುಗಳಲ್ಲಿ ಊರಿನವರು ಬರೀ ಕೈ ಚಾಚಿ ನಿಂತವರಾಗಿ ಕಾಣುತ್ತಾರೆ, ಬಂದವರು ತಪ್ಪೇ ಮಾಡದ ದೇವತೆಗಳಾಗಿ ಕಾಣುತ್ತಾರೆ. ಇಬ್ಬರಿಗೂ ಅನ್ಯಾಯ.

ಈ ಸಿಸ್ಟರ್‌ಗಳು ಬಂದದ್ದರ ಹಿಂದೆ ರಾಜಕೀಯವೂ ಇತ್ತು. ಆಗ ಕಂಪಾಲಾ ಸುತ್ತಲಿನ ಬುಗಾಂಡಾ ರಾಜ್ಯದಲ್ಲಿ ಕ್ಯಾಥೊಲಿಕ್ ಅಂದರೆ ಫ್ರೆಂಚರ ಪಕ್ಷ, ಪ್ರಾಟೆಸ್ಟಂಟ್ ಅಂದರೆ ಇಂಗ್ಲಿಷರ ಪಕ್ಷ ಅನ್ನೋ ಹಾಗಿತ್ತು. 1892ರಲ್ಲಿ ಎರಡು ಕಡೆಯವರು ಅದರ ರಾಜಧಾನಿ ಮೆಂಗೋದಲ್ಲಿ ಹೊಡೆದಾಡಿದ್ದೂ ಆಗಿತ್ತು. ಕ್ಯಾಥೊಲಿಕರಲ್ಲೂ ಇಂಗ್ಲಿಷ್ ಮಾತಾಡುವವರು ಇದ್ದಾರೆ ಅಂತ ತೋರಿಸೋದಕ್ಕೆ 1895ರಲ್ಲಿ ಲಂಡನ್ನಿನ ಮಿಲ್ ಹಿಲ್ ಮಿಷನರಿ ಸಂಘದ ಫಾದರ್‌ಗಳು ಬಂದರು. ಅವರ ಬಿಷಪ್ ಹ್ಯಾನ್ಲನ್ ಕೇಳಿಕೊಂಡದ್ದಕ್ಕೆ ಈ ಆರು ಜನ ಬಂದರು.

ಆರರಲ್ಲಿ ಒಬ್ಬರು ಸಿಸ್ಟರ್ ಕೆವಿನ್. ಹುಟ್ಟಿದ ಹೆಸರು ತೆರೇಸಾ ಕಿಯರ್ನಿ, ಐರ್ಲೆಂಡಿನ ವಿಕ್ಲೋ ಕಡೆಯವರು, ಹುಟ್ಟಿದ್ದು 1875ರಲ್ಲಿ. ತಂದೆ ಮಗಳು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದರು, ಹತ್ತು ವರ್ಷಕ್ಕೆ ತಾಯಿಯೂ ಹೋದರು, ಸಾಕಿದ್ದು ಅಜ್ಜಿ. ಸಿಸ್ಟರ್ ಆದಮೇಲೆ ಆಕೆಗೆ ಹೋಗಬೇಕು ಅಂತ ಇದ್ದದ್ದು ಅಮೆರಿಕಕ್ಕೆ. ಕಳಿಸಿದ್ದು ಉಗಾಂಡಾಕ್ಕೆ. ಕಾನ್ವೆಂಟಿನ ಪಕ್ಕದ ಮಾವಿನ ಮರದ ಕೆಳಗೆ ಔಷಧಿ ಕೊಡೋದು ಶುರುವಾಯಿತು. ಇವತ್ತು ಅದೇ ಗುಡ್ಡದ ಮೇಲೆ ನಿಂತಿರುವ ನ್ಸಾಂಬ್ಯಾ ಆಸ್ಪತ್ರೆಗೆ ಬೇರು ಅದೇ. 1910ರಲ್ಲಿ ಹಿರಿಯ ಸಿಸ್ಟರ್ ಆರೋಗ್ಯ ಕೆಟ್ಟು ವಾಪಸ್ ಹೋದಾಗ ಜವಾಬ್ದಾರಿ ಕೆವಿನ್ ಹೆಗಲಿಗೆ ಬಿತ್ತು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಸಾಮಾನು ಹೊತ್ತು ಹೊತ್ತು ಹಾಸಿಗೆ ಹಿಡಿದ ಆಫ್ರಿಕದ ಕೂಲಿಯಾಳುಗಳನ್ನು ನೋಡಿಕೊಂಡದ್ದಕ್ಕೆ 1918ರಲ್ಲಿ ಸರ್ಕಾರ ಒಂದು ಪದಕ ಕೊಟ್ಟಿತು.

ನನಗೆ ಇದೆಲ್ಲಕ್ಕಿಂತ ಕುತೂಹಲದ ವಿಷಯ ಹೆರಿಗೆಯದು.

ಆ ಕಾಲದಲ್ಲಿ ಸಿಸ್ಟರ್ ಆದವಳು ಹೆರಿಗೆ ಮಾಡಿಸುವ ಹಾಗಿರಲಿಲ್ಲ. ಕ್ಯಾಥೊಲಿಕ್ ಚರ್ಚಿನ ಕಟ್ಟಳೆ. ಗಾಯ ತೊಳೀಬಹುದು, ಜ್ವರಕ್ಕೆ ಗುಳಿಗೆ ಕೊಡಬಹುದು, ಪಾಠ ಹೇಳಬಹುದು. ಕಣ್ಣೆದುರಿಗೇ ಒಬ್ಬಳು ಹೆರಿಗೆ ನೋವು ತಿನ್ನುತ್ತಿದ್ದರೆ ಮಾತ್ರ ಕೈ ಕಟ್ಟಿ ಕೂರಬೇಕು! ಬಾಣಂತಿಯರು, ಹಸುಗೂಸುಗಳು ಸಾಯುತ್ತಿದ್ದ ಊರಿನಲ್ಲಿ ಈ ನಿಯಮ ಹಿಡಿದುಕೊಂಡು ಏನು ಮಾಡೋದು? ಕೆವಿನ್ ಸುಮ್ನೆ ಕೂರುವವರಲ್ಲ. ಸಿಸ್ಟರ್ ಅಲ್ಲದ ಡಾಕ್ಟರ್ ಒಬ್ಬರು, ಎವಲಿನ್ ಕಾನಲಿ ಅಂತ, ಬಂದು ಸೇರಿಕೊಂಡರು. 1920ರ ದಶಕದಲ್ಲಿ ನ್ಸಾಂಬ್ಯಾದಲ್ಲಿ ಊರಿನ ಹೆಣ್ಣುಮಕ್ಕಳಿಗೇ ನರ್ಸಿಂಗ್ ಮತ್ತು ಹೆರಿಗೆ ಮಾಡಿಸುವ ತರಬೇತಿ ನಡೆಯತೊಡಗಿತು. ಅಂದರೆ ಸಿಸ್ಟರ್‌ಗಳು ತಾವು ಮುಟ್ಟಬಾರದ ಕೆಲಸವನ್ನು ಬೇರೆಯವರಿಗೆ ಕಲಿಸುವ ವ್ಯವಸ್ಥೆ ಮಾಡಿದರು. ಹೀಗೆ ದಾರಿ ಹುಡುಕುವವರನ್ನು ಕಂಡರೆ ನನಗೆ ತುಂಬಾ ಇಷ್ಟ. ಇದೇ ತಲೆನೋವು ರಾವಲ್ಪಿಂಡಿಯಲ್ಲಿ ಕೆಲಸ ಮಾಡಿದ ಡಾಕ್ಟರ್ ಅನ್ನಾ ಡೆಂಗೆಲ್ ಅವರಿಗೂ ಇತ್ತು, ಅವರೂ ರೋಮಿನ, ಅಂದರೆ ಪೋಪ್ ಆಡಳಿತದ, ಬಾಗಿಲು ಬಡಿಯುತ್ತಲೇ ಇದ್ದರು. ಕೊನೆಗೆ 1936ರ ಫೆಬ್ರವರಿಯಲ್ಲಿ ಸಿಸ್ಟರ್‌ಗಳು ಹೆರಿಗೆ ಮಾಡಿಸಬಹುದು ಅಂತ ರೋಮ್ ಒಪ್ಪಿತು. ಕೆವಿನ್ ಬಂದು ಅಷ್ಟೊತ್ತಿಗೆ 33 ವರ್ಷ ಆಗಿತ್ತು.

ಇನ್ನು 1923ರ ವಿಷಯ. ಎಂಟು ಜನ ಸ್ಥಳೀಯ ಹುಡುಗಿಯರಿಂದ ಶುರುವಾದ ಆ ಸಭೆ ಆಮೇಲೆ ಕೀನ್ಯಾ, ಟಾಂಜಾನಿಯಾವರೆಗೂ ಬೆಳೆಯಿತು. ಆಗಿನ ಕಾಲದಲ್ಲಿ ಮದುವೆ ಬೇಡ, ಮಕ್ಕಳು ಬೇಡ ಅಂತ ಒಬ್ಬ ಮಗಳು ಮನೆಯಲ್ಲಿ ಹೇಳೋದು ಅಂದರೆ ಸಣ್ಣ ಮಾತಾ? ಲಂಡನ್ನಿನಿಂದ ಹಡಗು ಹತ್ತಿದವರ ಧೈರ್ಯ ದೊಡ್ಡದೇ. ಆದರೆ ಅಪ್ಪ, ಚಿಕ್ಕಪ್ಪ, ಊರಿನ ಹಿರಿಯರು ಎಲ್ಲರನ್ನೂ ಎದುರಿಗೇ ಇಟ್ಟುಕೊಂಡು ಅದೇ ಊರಿನಲ್ಲಿ ಬಾಳಿದವರ ಧೈರ್ಯಕ್ಕೆ ಯಾರೂ ಪದಕ ಕೊಟ್ಟ ಹಾಗಿಲ್ಲ. ಕೆವಿನ್ ಕಟ್ಟಿಸಿದ್ದು ಇನ್ನೂ ಬಹಳ ಇದೆ. ನ್ಯೇಂಗಾ ಮತ್ತು ಬುಲೂಬಾದಲ್ಲಿ ಕುಷ್ಠರೋಗಿಗಳ ಆಸ್ಪತ್ರೆ, ನಮಗುಂಗಾದಲ್ಲಿ ಹುಡುಗಿಯರ ಹೈಸ್ಕೂಲು, ಹೀಗೆ. ಆದರೂ ನನ್ನ ಓಟು ಆ ಎಂಟು ಜನಕ್ಕೇ.

ಕೆವಿನ್ ತೀರಿಕೊಂಡದ್ದು 1957ರ ಅಕ್ಟೋಬರಿನಲ್ಲಿ, ಅಮೆರಿಕದ ಬಾಸ್ಟನ್ ಹತ್ತಿರ. ಐರ್ಲೆಂಡಿಗೆ ತಂದು ಮಣ್ಣು ಮಾಡಿದ್ದರು. ಉಗಾಂಡಾದವರು ಒಪ್ಪಲಿಲ್ಲ. ನಮ್ಮ ಮಾಮಾ (ಅಲ್ಲಿ ಅಮ್ಮ ಅಂತ ಅರ್ಥ) ಕೆವಿನಾ ಇಲ್ಲಿಯವರು, ಇಲ್ಲಿಗೇ ಬರಬೇಕು ಅಂತ ಪಟ್ಟು ಹಿಡಿದರು. ಡಿಸೆಂಬರಿನಲ್ಲಿ ದೇಹ ನ್ಕೊಕೊಂಜೆರುವಿಗೆ ಬಂತು. 2016ರಿಂದ ಅವರನ್ನು ಸಂತರೆಂದು ಸಾರುವ ಪ್ರಕ್ರಿಯೆಯೂ ನಡೆಯುತ್ತಿದೆ. ಅದಕ್ಕೆ ಪವಾಡ ಬೇಕಂತೆ, ಸಾಕ್ಷಿ ಬೇಕಂತೆ, ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಯಾರಾದರೂ ಆ ಎಂಟು ಹುಡುಗಿಯರ ಕಥೆಯನ್ನು ಅವರ ಹೆಸರು, ಊರು, ಮನೆತನದ ಸಮೇತ ಕೂತು ಬರೆದರೆ, ಮುಂದಿನ ವಾರ್ಷಿಕೋತ್ಸವದ ಭಾಷಣ ಕೇಳೋದಕ್ಕೆ ನಾನು ಮೊದಲ ಸಾಲಿನಲ್ಲೇ ಕೂರುತ್ತೇನೆ.