ಎನ್‌ಐಸಿಯು ಕಾರ್ಡುಗಳು: ಮುಚ್ಚಳ ಕೊನೆಗೂ ಕಚ್ಚಿಕೊಂಡಿತು

ಕಾರ್ಡಿನ ಮುಚ್ಚಳ ಕೊನೆಗೂ ಕಚ್ಚಿಕೊಂಡಿತು. ಎನ್‌ಐಸಿಯು ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ. ಅಲ್ಲಿರುವ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಒಂದೊಂದು ‘ಮೊದಲ’ನ್ನೂ ಬರೆದು ಪಕ್ಕದಲ್ಲಿ ಹಿಡಿದು ಫೋಟೋ ತೆಗೆಯುವ ಕಾರ್ಡುಗಳನ್ನು ನಾನು ಮಾಡುತ್ತೇನೆ. ಮುಚ್ಚಳ ಅಂದರೆ ಬರೆದದ್ದರ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್. ಆಲ್ಕೋಹಾಲ್ ವೈಪ್‌ನಿಂದ ಗಸಗಸ ಉಜ್ಜಿದೆ. ಮೂಲೆಗೆ ಉಗುರು ಹಾಕಿ ಎಬ್ಬಿಸಲು ನೋಡಿದೆ. ರಾತ್ರಿಯಿಡೀ ಒದ್ದೆ ಬಟ್ಟೆಯ ಕೆಳಗೆ ಇಟ್ಟೆ. ಬೆಳಗ್ಗೆ ತೆಗೆದು ನೋಡಿದರೆ ಒಳಗೆ ಬರೆದಿದ್ದ ‘1000 ಗ್ರಾಂ’ ಹಾಗೇ ಕೂತಿದೆ, ಒಂದು ಗೆರೆಯೂ ಕದಡಿಲ್ಲ. ಇಷ್ಟು ಕಾಲ ತಲೆ ತಿಂದದ್ದು ಇದೊಂದೇ ವಿಷಯ. ಹಾಗಾಗಿ ಈ ಸಲದ ಬರಹವೂ ಹೆಚ್ಚುಕಡಿಮೆ ಅದಕ್ಕೇ ಮೀಸಲು.

ಪ್ರಿಂಟ್ ಹಾಕುವುದು, ಕತ್ತರಿಸುವುದು, ಮೂಲೆ ದುಂಡಗೆ ಮಾಡುವುದು ನಿಮಗೆಲ್ಲ ಗೊತ್ತಿರುವುದೇ. ನೆನಪಿಗೆ ಒಂದಷ್ಟು ಹೇಳಿ ಮುಂದೆ ಹೋಗುತ್ತೇನೆ. ಕಾಗದ ಮೊದಲು ಕತ್ತರಿಸಿ, ಆಮೇಲೆ ಲ್ಯಾಮಿನೇಟ್ ಮಾಡಿ. ಸುತ್ತಲೂ 3 ಮಿ.ಮೀ. ಬರೀ ಪ್ಲಾಸ್ಟಿಕ್ ಅಂಚು ಉಳಿಯಬೇಕು. ಹಿಂದುಮುಂದು ಮಾಡಿದರೆ ಕಾಗದದ ಅಂಚು ಬಾಯಿ ಬಿಟ್ಟುಕೊಂಡೇ ಇರುತ್ತದೆ, ಒರೆಸಿದಾಗಲೆಲ್ಲ ದ್ರವ ಒಳಗೆ ಇಳಿಯುತ್ತದೆ. ಪ್ರಿಂಟು ಲೇಸರ್‌ನಲ್ಲೇ ಇರಲಿ, ಇಂಕ್‌ಜೆಟ್‌ನ ಡೈ ಇಂಕ್‌ಗೆ ಒಂದು ಹನಿ ತೇವ ಸಾಕು, ಹರಡಿಬಿಡುತ್ತದೆ. ಅಳತೆ ಎ7, ಅಂದರೆ 74×105 ಮಿ.ಮೀ. ಅದರ ಎರಡರಷ್ಟಿರುವ ಎ6 ಕಾರ್ಡು ಕೂಡ ಮೇಜಿನ ಮೇಲೆ ಚಿಕ್ಕದಾಗಿ ಕಾಣುತ್ತದೆ. ಆದರೆ ಬಸಿರಿನ 28 ವಾರಕ್ಕೇ ಹುಟ್ಟಿದ ಮಗುವಿನ ಉದ್ದ ಸುಮಾರು 36–37 ಸೆಂ.ಮೀ., ತೂಕ ಒಂದು ಕಿಲೋ ಆಸುಪಾಸು. ಅದರ ಪಕ್ಕ ಎ6 ಹಿಡಿದರೆ ಫೋಟೋದಲ್ಲಿ ಕಾರ್ಡೇ ಕಾಣುತ್ತದೆ, ಮಗು ಅಲ್ಲ. ಫಿಲ್ಮ್ ಮ್ಯಾಟ್ ಆಗಿರಲಿ. ಇನ್‌ಕ್ಯುಬೇಟರ್‌ನ ಗೋಡೆಯೇ ಸಾಕಷ್ಟು ಹೊಳೆಯುತ್ತದೆ, ಅದರ ಜೊತೆ ಕಾರ್ಡೂ ಹೊಳೆದರೆ ಅಕ್ಷರ ಓದಲಾಗದು. ಅಲ್ಲಿ ಫ್ಲ್ಯಾಶ್ ಹಾಕುವ ಮಾತೇ ಇಲ್ಲ.

ಮಿಂಚುಪುಡಿ, ಉಣ್ಣೆ, ದಾರ, ಉದುರುವಂಥ ಏನೂ ಬೇಡ ಅಂತ ವಾರ್ಡಿನವರು ಮೊದಲೇ ಹೇಳಿದ್ದರು. ಅದು ಸರಿಯೇ. ಕಾರ್ಡು ಇನ್‌ಕ್ಯುಬೇಟರ್ ಒಳಗೆ ಹೋಗುವುದಿಲ್ಲ, ಹೊರಗೇ ಇರುತ್ತದೆ. ಆದರೂ ಅದನ್ನು ಮುಟ್ಟಿದ ಕೈ ಆಮೇಲೆ ಮಗುವನ್ನು ಮುಟ್ಟುತ್ತದೆ ಅಲ್ವಾ? ಆದ್ದರಿಂದ ಒರೆಸಿ ಶುಚಿ ಮಾಡಲು ಬರದ ವಸ್ತುವಿಗೆ ಅಲ್ಲಿ ಜಾಗವಿಲ್ಲ.

ಗಂಟು ಇರುವುದು ಇಲ್ಲೇ. ಕಾರ್ಡಿನ ಮೇಲೆ ಅಪ್ಪ ಅಮ್ಮ ತಮ್ಮ ಕೈಯಾರೆ ಬರೆಯಬೇಕು. ತಾರೀಖು, ತೂಕ, ಆವತ್ತು ಏನಾಯ್ತು ಅನ್ನುವ ಒಂದೆರಡು ಸಾಲು. ಅಚ್ಚು ಹಾಕಿದ ‘ನನ್ನ ಮೊದಲ ಕಿಲೋ’ಗಿಂತ ಕೆಳಗೆ ನಡುಗುವ ಕೈಯಲ್ಲಿ ಬರೆದ ಸಂಖ್ಯೆಯೇ ನಿಜವಾದ ಕಾರ್ಡು. ಬರೆದದ್ದು ಅಳಿಯಬಾರದು, ಬರೆದ ಜಾಗವನ್ನು ದಿನವೂ ಒರೆಸುತ್ತಿರಬೇಕು. ಪೆನ್ನು ಹಿಡಿಯುವ ಮೈ ಒರೆಸಿದರೆ ಬಿಟ್ಟುಕೊಡುತ್ತದೆ, ಒರೆಸಲು ಒಗ್ಗುವ ಮೈ ಪೆನ್ನನ್ನು ಹಿಡಿಯುವುದಿಲ್ಲ.

ಪರ್ಮನೆಂಟ್ ಮಾರ್ಕರ್ ಹೆಸರಿಗಷ್ಟೇ ಪರ್ಮನೆಂಟ್. 70% ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿದರೆ ಒಂದೇ ಒರೆಸಿಗೆ ನೀಲಿ ಕಲೆ. ಬಾಲ್‌ಪೆನ್ನಿನ ಶಾಯಿಯೂ ಆಲ್ಕೋಹಾಲಿಗೆ ಕರಗುತ್ತದೆ. ಪೆನ್ಸಿಲ್ ನೋಡಿ, ಅದು ಯಾವುದಕ್ಕೂ ಕರಗುವುದಿಲ್ಲ. ಗ್ರಾಫೈಟ್‌ಗೆ ನೀರೂ ಆಲ್ಕೋಹಾಲೂ ಒಂದೇ. ಆದರೆ ಉಜ್ಜಿದರೆ ಬಳಿದುಕೊಳ್ಳುತ್ತದೆ. ಲ್ಯಾಮಿನೇಷನ್‌ನಲ್ಲಿ ಕಿಟಕಿ ಕತ್ತರಿಸಿ ಕಾಗದವನ್ನು ಬಯಲಿಗೆ ಬಿಟ್ಟರೆ, ಕಿಟಕಿಯ ಅಂಚಿನಿಂದ ತೇವ ಒಳಗೆ ಹತ್ತಿ ಕಾರ್ಡು ಊದಿಕೊಳ್ಳುತ್ತದೆ. ಚೀಟಿ ತುರುಕುವ ಜೇಬು ಮಾಡಿದರೆ ಜೇಬಿನ ಬಾಯಲ್ಲಿ ದ್ರವ ನಿಲ್ಲುತ್ತದೆ. ಶುಚಿ ಮಾಡಲಾಗದ ಸಂದು ಅದು, ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಉಳಿದದ್ದು ಮುಚ್ಚಳ. ಇಡೀ ಕಾರ್ಡನ್ನು ಮ್ಯಾಟ್ ಫಿಲ್ಮ್‌ನಲ್ಲಿ ಮುಚ್ಚುವುದು. ಆ ಫಿಲ್ಮ್ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯುವುದು. ಬರೆದ ಮೇಲೆ, ಹಿಂಬದಿಯಿಂದ ಕೆಳ ಅಂಚನ್ನು ಸುತ್ತಿ ಬರುವ ಒಂದು ಪಾರದರ್ಶಕ ಅಂಟು ಫಿಲ್ಮನ್ನು ಅದರ ಮೇಲೆ ಮಡಚಿ ಒತ್ತುವುದು. ಕಾಗದ ಎಲ್ಲೂ ಬಯಲಿಗೆ ಬರುವುದಿಲ್ಲ, ಸಂದೂ ಇಲ್ಲ. ಮನೆಯಲ್ಲಿ ಮಾಡಿದಾಗ ಎಲ್ಲ ಚೆನ್ನಾಗಿತ್ತು. ವಾರ್ಡಿಗೆ ಹೋದ ಕಾರ್ಡುಗಳು ಮಾತ್ರ ಮೂಲೆ ಎದ್ದು ವಾಪಸ್ ಬಂದವು. ಒಂದಲ್ಲ, ಬಹುತೇಕ ಎಲ್ಲವೂ.

ಮೊದಲು ಅಂಟಿನ ಮೇಲೆ ಅನುಮಾನ. ಅಂಟು ಬದಲಾಯಿಸಿದೆ. ಆಮೇಲೆ ಫಿಲ್ಮಿನ ಒರಟುತನದ ಮೇಲೆ. ಜಾಸ್ತಿ ಒರಟಾದ ಮ್ಯಾಟ್ ಮೇಲೆ ಪೆನ್ಸಿಲ್ ಚೆನ್ನಾಗಿ ಕೂರುತ್ತದೆ, ಆದರೆ ಅಂಟಿಗೆ ಹಿಡಿಯಲು ಮೈ ಸಿಗುವುದಿಲ್ಲ. ನುಣುಪು ಮ್ಯಾಟ್‌ಗೆ ಬಂದೆ. ಮುಚ್ಚಳದ ಮೂಲೆಗಳನ್ನೂ ದುಂಡಗೆ ಮಾಡಿದೆ, ಚೂಪು ಮೂಲೆಯೇ ಮೊದಲು ಏಳುವುದು. ಬರೆಯುವ ಜಾಗಕ್ಕಿಂತ ಮುಚ್ಚಳ ಸುತ್ತಲೂ 5 ಮಿ.ಮೀ. ದೊಡ್ಡದಾಯ್ತು. ಇಂಥ ಒತ್ತಿ ಅಂಟಿಸುವ ಫಿಲ್ಮ್‌ಗೆ ಪೂರ್ತಿ ಬಿಗಿ ಬರಲು ಒಂದು ದಿನವಾದರೂ ಬೇಕು, ಅದಕ್ಕೇ ‘ನಾಳೆಯವರೆಗೆ ಒರೆಸಬೇಡಿ’ ಅಂತ ಚೀಟಿಯನ್ನೂ ಇಟ್ಟೆ. ಸ್ವಲ್ಪ ವಾಸಿ. ಆದರೂ ಏಳುತ್ತಿತ್ತು.

ಉತ್ತರ ಸಿಕ್ಕಿದ್ದು ಒಬ್ಬ ತಾಯಿ ಬರೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದಾಗ. ಆಕೆ ಮಗುವಿನ ಹತ್ತಿರದಿಂದ ಬಂದರು, ಗೋಡೆಯ ಮೇಲಿನ ಬಾಟಲಿ ಒತ್ತಿ ಎರಡೂ ಕೈ ಉಜ್ಜಿಕೊಂಡರು, ಕಾರ್ಡು ತೆಗೆದುಕೊಂಡರು. ಎಡಗೈಯ ನಾಲ್ಕು ಬೆರಳನ್ನು ಕಾರ್ಡಿನ ಅಂಚಿನ ಮೇಲೆ ಚಪ್ಪಟೆ ಇಟ್ಟು ಬರೆಯತೊಡಗಿದರು. ಬೆರಳು ಎತ್ತಿದಾಗ ಮ್ಯಾಟ್ ಫಿಲ್ಮಿನ ಮೇಲೆ ನಾಲ್ಕು ಮಸುಕು ಗುರುತು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥವು.

ಕೈಗೆ ಹಾಕುವ ಸ್ಯಾನಿಟೈಸರ್‌ನಲ್ಲಿ ಬರೀ ಆಲ್ಕೋಹಾಲ್ ಇರುವುದಿಲ್ಲ, ಚರ್ಮ ಒಡೆಯದಿರಲಿ ಅಂತ ಗ್ಲಿಸರಾಲ್ ಸೇರಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಎಥನಾಲ್ ಸೂತ್ರದಲ್ಲಿ ಅದು 1.45%. ಆಲ್ಕೋಹಾಲ್ ಆರಿಹೋಗುತ್ತದೆ, ಗ್ಲಿಸರಾಲ್ ಬೆರಳಲ್ಲೇ ಉಳಿಯುತ್ತದೆ, ಬೆರಳಿನಿಂದ ಕಾರ್ಡಿಗೆ ದಾಟುತ್ತದೆ. ಅಂಟು ಕೂರಬೇಕಾದ ಆ 5 ಮಿ.ಮೀ. ಅಂಚಿನ ಮೇಲೇ! ಎನ್‌ಐಸಿಯುನಲ್ಲಿ ಕುಳಿತ ಅಪ್ಪ ಅಮ್ಮಂದಿರು ದಿನಕ್ಕೆ ಎಷ್ಟು ಸಲ ಆ ಬಾಟಲಿ ಒತ್ತುತ್ತಾರೋ ಲೆಕ್ಕವಿಲ್ಲ. ನಾನು ಮನೆಯಲ್ಲಿ ಒಣಗಿದ ಕೈಯಲ್ಲಿ ಒತ್ತುತ್ತಿದ್ದೆ. ವ್ಯತ್ಯಾಸ ಅಷ್ಟೇ.

ಮನೆಗೆ ಬಂದು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಅದೇ ರೀತಿ ಬರೆದು ಮುಚ್ಚಿದೆ. ಮೂಲೆ ಎದ್ದಿತು. ಅಷ್ಟು ಖುಷಿಯಾಗಿ ಯಾವ ಸೋಲನ್ನೂ ನೋಡಿರಲಿಲ್ಲ.

ಪರಿಹಾರ ಈಗ ಹೀಗಿದೆ. ಅಂಟು ಕೂರುವ ಅಂಚಿನ ಮೇಲೆ ಒಂದು ತೆಳು ಕಾಗದದ ಚೌಕಟ್ಟು, ಸುಲಭವಾಗಿ ಸುಲಿದು ಬರುವ ಹದದ ಅಂಟಿನದು. ಬರೆಯುವಾಗ ಕೈ ಅದರ ಮೇಲೆ ಇರುತ್ತದೆ. ಬರೆದಾದ ಮೇಲೆ ಚೌಕಟ್ಟು ಸುಲಿಯಿರಿ, ಕೆಳಗೆ ಯಾರೂ ಮುಟ್ಟದ ಅಂಚು ಸಿಗುತ್ತದೆ. ಆಮೇಲೆ ಮುಚ್ಚಳದ ಹಿಂದಿನ ಕಾಗದ ಎಳೆದು ಮಡಚಿ ಒತ್ತಿ. ಚೌಕಟ್ಟಿಗೂ ಮುಚ್ಚಳಕ್ಕೂ ಅಂಟಿಲ್ಲದ ಚಿಕ್ಕ ಕಿವಿ ಬಿಟ್ಟಿದ್ದೇನೆ. ನಿದ್ದೆಯಿಲ್ಲದ ಕಣ್ಣಿಗೆ ಎಲ್ಲಿಂದ ಎಳೆಯಬೇಕು ಅಂತ ಹುಡುಕುವ ಕಷ್ಟ ಬೇಡ. ಕಿವಿಗಳ ಮೇಲೆ 1, 2 ಅಂತ ಅಂಕಿ ಇದೆ, ಬೇರೆ ಸೂಚನೆ ಬೇಕಾಗಿಲ್ಲ.

ಈ ಚೌಕಟ್ಟಿನ ಕಾಗದ ತರಿಸುವುದರಲ್ಲೇ ಜೀವ ಹೋಯ್ತು. ‘ಸುಲಿದರೆ ಗುರುತು ಉಳಿಯದು’ ಅಂತ ಬರೆದ ರೋಲ್ ಬಂತು. ಸುಲಿದರೆ ಅರ್ಧ ಅಂಟು ಕಾರ್ಡಿನ ಮೇಲೆಯೇ. ಫೋನ್ ಮಾಡಿದರೆ ‘ಎಲ್ಲ ಒಂದೇ ಸರ್’ ಅನ್ನುವ ಉತ್ತರ. ಒಂದೇ ಆಗಿದ್ದರೆ ಎರಡು ಬೆಲೆ ಯಾಕೆ? 125 ಮೈಕ್ರಾನ್ ಅಂತ ಕಳಿಸಿದ ಲ್ಯಾಮಿನೇಷನ್ ಪೌಚು ಕೈಗೆ ತೆಳ್ಳಗೆ ಅನ್ನಿಸಿತು. ಗೇಜ್ ಇಟ್ಟು ನೋಡಿದೆ, ಆ ದಪ್ಪ ಇರಲೇ ಇಲ್ಲ. ಇನ್ನು ಮುಂದೆ ಯಾವ ರೋಲ್ ತರಿಸಿದರೂ ಮೊದಲು ಒಂದು ಗೇಣು ಸ್ಯಾಂಪಲ್, ಆಮೇಲೆ ಆರ್ಡರ್. ನೀವೂ ಹಾಗೇ ಮಾಡಿ.

ಸ್ಯಾಂಪಲ್‌ಗೆ ಕಾಯುವಾಗ ಮುಂದಿನ ಕೆಲಸದ ನಕ್ಷೆ ಶುರುವಾಯ್ತು. ಅಂಗಿಗಳು. ಈ ಮಕ್ಕಳಿಗೆ ಮೊದಲ ಸಲ ಬಟ್ಟೆ ಹಾಕುವುದೇ ಒಂದು ದೊಡ್ಡ ದಿನ. ಅದುವರೆಗೆ ಡಯಾಪರು, ಟೋಪಿ, ವೈರು, ಅಷ್ಟೇ ಇರುತ್ತದೆ. ಅಂಗಿ ತಲೆಯ ಮೇಲಿಂದ ಹಾಕುವಂತಿರಬಾರದು, ಪೂರ್ತಿ ಬಿಚ್ಚಿಕೊಂಡು ಚಪ್ಪಟೆ ಹರಡುವಂತಿರಬೇಕು. ಮಗುವನ್ನು ಅದರ ಮೇಲೆ ಮಲಗಿಸಿ ಎರಡೂ ಕಡೆಯಿಂದ ಮುಚ್ಚುವುದು. ವೈರು, ಟ್ಯೂಬು ಹೊರಬರಲು ಪಕ್ಕದಲ್ಲಿ ತೆರಪು ಬೇಕು. ಹೊಲಿಗೆ ಹೊರಮೈಗೆ, ಚರ್ಮಕ್ಕೆ ತಾಗದ ಹಾಗೆ. ಲೋಹದ ಗುಂಡಿ ಬೇಡ, ಎಕ್ಸ್‌ರೇಯಲ್ಲಿ ಅಡ್ಡ ಬರುತ್ತದೆ. ಭುಜದ ಅಳತೆಯಲ್ಲಿ ಸಿಕ್ಕಿಕೊಂಡಿದ್ದೇನೆ. ಇಷ್ಟು ಚಿಕ್ಕ ಅಂಗಿಯ ಪ್ಯಾಟರ್ನ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕೊಡಿ. ಸಾಮಾನ್ಯ ಮಗುವಿನ ಪ್ಯಾಟರ್ನನ್ನು ಸುಮ್ನೆ ಕುಗ್ಗಿಸಿದರೆ ಕತ್ತು ಸರಿ ಬರುವುದಿಲ್ಲ.

ಸರಿ, ಕಾರ್ಡಿಗೆ ವಾಪಸ್. ಈ ಸಲ ಅಚ್ಚು ಹಾಕುವ ಪದಗಳೂ ಬದಲಾಗಿವೆ.

ಹಳೆಯ ಕಾರ್ಡುಗಳಿಗೆ ಮೂಲೆಯಲ್ಲಿ ಕ್ರಮಸಂಖ್ಯೆ ಇತ್ತು. ಕಣ್ಣು ಬಿಟ್ಟದ್ದು, ಅಮ್ಮನ ಹಾಲಿನ ಮೊದಲ ಹನಿ, ಮೊದಲ ಕಾಂಗರೂ ಆರೈಕೆ (ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಎದೆಗೆ ಅಪ್ಪಿಕೊಳ್ಳುವುದು), ವೆಂಟಿಲೇಟರ್‌ನಿಂದ ಹೊರಗೆ, ಸಿಪ್ಯಾಪ್‌ನಿಂದ (ಗಾಳಿಯ ಒತ್ತಡ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರದಿಂದ) ಹೊರಗೆ, ಒಂದು ಕಿಲೋ, ಇನ್‌ಕ್ಯುಬೇಟರ್‌ನಿಂದ ತೊಟ್ಟಿಲಿಗೆ, ಹಾಲು ಕೊಡುವ ಮೂಗಿನ ಟ್ಯೂಬ್ ತೆಗೆದದ್ದು, ಹೀಗೆ ಸಾಲಾಗಿ. ಒಬ್ಬ ನರ್ಸ್ ಆ ಸಂಖ್ಯೆಗಳನ್ನು ತೆಗೆಯಲು ಹೇಳಿದರು. ‘ನಾಲ್ಕನೇ ಕಾರ್ಡು ಬರೆದ ಮಗು ಮಾರನೇ ದಿನ ಮತ್ತೆ ವೆಂಟಿಲೇಟರ್‌ಗೆ ಹೋಗುತ್ತದೆ. ಆಗ ಆ ಅಮ್ಮ ನಾಲ್ಕನ್ನು ಎಲ್ಲಿ ಇಡಬೇಕು?’ ಅಂತ ಕೇಳಿದರು.

ಅವರ ಮಾತು ನೂರಕ್ಕೆ ನೂರು ನಿಜ. ಈ ಮಕ್ಕಳು ನೇರ ದಾರಿಯಲ್ಲಿ ಹೋಗುವುದಿಲ್ಲ. ತೂಕವನ್ನೇ ನೋಡಿ. ಹುಟ್ಟಿದ ಮೊದಲ ದಿನಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತಾರೆ. ಆಮೇಲೂ ಇವತ್ತು ಸಾವಿರ ಮುಟ್ಟಿದ ಮಗು ನಾಳೆ 985 ತೂಗಬಹುದು. ಮೈಯಲ್ಲಿನ ನೀರು ಇಳಿದರೂ ತೂಕ ಇಳಿಯುತ್ತದೆ. ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಹೊಂದಿಕೊಳ್ಳಲು ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರ ತುಂಬಬೇಕು. ಅಷ್ಟರೊಳಗೆ ಒಂದು ದಿನ ಚೆನ್ನಾಗಿ ಹಾಲು ಕುಡಿದು ಮರುದಿನ ದಣಿದು ನಿದ್ದೆ ಹೋದರೆ ಅದು ಸೋಲಲ್ಲ.

ಹಾಗಾಗಿ ಸಂಖ್ಯೆ ಹೋಯ್ತು. ‘ಇನ್ನು ಮುಂದೆ ವೆಂಟಿಲೇಟರ್ ಬೇಡ’ ಅನ್ನುವ ಸಾಲು ಹೋಗಿ ‘ಇವತ್ತು ನಾನೇ ಉಸಿರಾಡಿದೆ’ ಬಂತು. ಇವತ್ತು ಆದದ್ದು ಆಗಿದೆ, ನಾಳೆ ಏನೇ ಬಂದರೂ ಆ ಕಾರ್ಡು ಸುಳ್ಳಾಗುವುದಿಲ್ಲ. ‘ಮನೆಯ ಕಡೆಗೆ ಇನ್ನೊಂದು ಹೆಜ್ಜೆ’ ಅನ್ನುವುದನ್ನೂ ತೆಗೆದೆ. ಎಲ್ಲ ಮಕ್ಕಳೂ ಮನೆಗೆ ಹೋಗುವುದಿಲ್ಲ. ಹೋಗದ ಮಗುವಿನ ಅಪ್ಪ ಅಮ್ಮ ಕೂಡ ಈ ಕಾರ್ಡುಗಳನ್ನು ಎತ್ತಿಟ್ಟುಕೊಳ್ಳುತ್ತಾರೆ. ಅವರ ಮಗುವೂ ಕಣ್ಣು ಬಿಟ್ಟಿತ್ತು, ಬೆರಳು ಹಿಡಿದಿತ್ತು. ಅದು ಯಾವುದೋ ದಾರಿಯ ಅರ್ಧ ಅಲ್ಲ, ಪೂರ್ತಿ ಆದ ಸಂಗತಿ.

ಕಾಂಗರೂ ಆರೈಕೆಯ ಕಾರ್ಡನ್ನು ಈಗ ಎರಡು ಮಾಡಿದ್ದೇನೆ, ಅಮ್ಮನಿಗೊಂದು, ಅಪ್ಪನಿಗೊಂದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಈ ಆರೈಕೆ ಶುರುವಾದಾಗ ಇನ್‌ಕ್ಯುಬೇಟರ್ ಸಾಲದ್ದೂ ಒಂದು ಕಾರಣವಾಗಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಇದನ್ನು ಹುಟ್ಟಿದ ಕೂಡಲೇ, ಆದಷ್ಟು ಬೇಗ ಶುರು ಮಾಡಿ ಅಂತ ಹೇಳಿತು. ಒಬ್ಬ ಅಪ್ಪ ಆ ಕಾರ್ಡಿನಲ್ಲಿ ತೂಕ, ತಾರೀಖು ಏನೂ ಬರೆಯಲಿಲ್ಲ. ‘ನನ್ನ ಅಂಗಿಯೊಳಗೆ ಸೀನಿದಳು’ ಅಂತ ಬರೆದರು.

ಇಂಥದ್ದಕ್ಕೆ ಅಂತಲೇ ಕಟ್ಟಿನಲ್ಲಿ ಖಾಲಿ ಕಾರ್ಡುಗಳನ್ನು ಜಾಸ್ತಿ ಮಾಡಿದ್ದೇನೆ. ಮೊದಲ ಡಯಾಪರ್ ಬದಲಾಯಿಸಿದ್ದು, ಅಲಾರಂ ಹೊಡೆದಾಗ ಗಾಬರಿಯಾಗದೆ ಮೊದಲು ಮಗುವಿನ ಮುಖ ನೋಡಿದ್ದು, ಅಜ್ಜಿ ಗಾಜಿನಾಚೆಯಿಂದ ಕೈ ಬೀಸಿದ್ದು, ಇವೆಲ್ಲ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಪ್ಪ ಅಮ್ಮಂದಿರಿಗೂ ಮೊದಲುಗಳಿವೆ.

ಸದ್ಯದ ಸ್ಥಿತಿ: ಚೌಕಟ್ಟು ಹಾಕಿದ ಮೊದಲ ಕಟ್ಟು ವಾರ್ಡಿನ ಸೋಂಕು ತಡೆ ತಂಡದ ಹತ್ತಿರ ಇದೆ. ಅವರ ಒಪ್ಪಿಗೆ ಸಿಗದೆ ಒಂದು ಕಾರ್ಡೂ ವಾರ್ಡಿನೊಳಗೆ ಹೋಗುವುದಿಲ್ಲ. ಅವರು ಬಳಸುವ ಕ್ಲೋರಿನ್ ದ್ರವದಲ್ಲೂ ಪರೀಕ್ಷಿಸಿ ಅಂತ ಕೇಳಿದ್ದೇನೆ, ನಾನು ನೋಡಿರುವುದು ಆಲ್ಕೋಹಾಲ್ ಮಾತ್ರ. ನವೆಂಬರ್ 17ರ ವಿಶ್ವ ಅಕಾಲಿಕ ಜನನ ದಿನಕ್ಕೆ ನೇರಳೆ ಬಣ್ಣದ ಕಟ್ಟು ಬೇಕು ಅಂತ ಆಗಲೇ ಕೇಳಿದ್ದಾರೆ. ನೇರಳೆ ಟೋನರ್ ಮ್ಯಾಟ್ ಫಿಲ್ಮಿನ ಕೆಳಗೆ ಬೂದಿ ಬಣ್ಣಕ್ಕೆ ತಿರುಗುತ್ತಿದೆ. ಕೆಂಪು ಸ್ವಲ್ಪ ಏರಿಸಿ ನೋಡಬೇಕು. ಅವಳಿ ಮಕ್ಕಳ ಕಾರ್ಡು ಇನ್ನೂ ಬಾಕಿ. ಒಂದೇ ಕಾರ್ಡಿನಲ್ಲಿ ಇಬ್ಬರ ಹೆಸರು ಹಾಕುವುದಿಲ್ಲ ಅನ್ನುವುದಷ್ಟೇ ತೀರ್ಮಾನವಾಗಿದೆ. ಒಬ್ಬರು ಮೊದಲು ಮನೆಗೆ ಹೋಗುವುದು ಅಲ್ಲಿ ಮಾಮೂಲು, ಇನ್ನೊಬ್ಬರ ದಿನ ಬಂದಾಗ ಅವರಿಗೆ ಅವರದೇ ಕಾರ್ಡು ಸಿಗಬೇಕು.