ಚೊಚ್ಚಲ ಒಂದೇ ಸಲ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲೊಂದು ಡಿಟಿಪಿ ಅಂಗಡಿ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟಿಕೊಡುವ ಗೆಳೆಯರೊಬ್ಬರದು. ಭಾನುವಾರವಾದ್ದರಿಂದ ಶಟರ್ ಅರ್ಧ ಇಳಿಸಿತ್ತು. ಸೇಡಂ ಕಡೆಯ ಶಾಲೆಯೊಂದರ ಶಿಕ್ಷಕಿ ತಮ್ಮ ಹನ್ನೊಂದು ಕಥೆಗಳ ಪೆನ್‌ಡ್ರೈವ್ ಜೊತೆಗೆ ಮೂರು ಕಾಗದ ಹಿಡಿದುಕೊಂಡು ಬಂದಿದ್ದರು. ಒಂದು ಆನ್‌ಲೈನ್ ಪ್ರಕಾಶನದ ಒಪ್ಪಂದಪತ್ರ, ಇನ್ನೊಂದು ವಾಟ್ಸಾಪ್‌ನಲ್ಲಿ ಬಂದ ಕಥಾಸ್ಪರ್ಧೆಯ ಪ್ರಕಟಣೆ, ಮತ್ತೊಂದು ಕವನ ಸಂಕಲನಕ್ಕೆ ಆಹ್ವಾನ.

"ನಾಳಿ ಸಂಜಿ ಐದರೊಳಗ ರೊಕ್ಕ ಹಾಕ್ರಿ ಅಂದಾರ್ರಿ ಸರ. ಇಲ್ಲಂದ್ರ ಆಫರ್ ಮುಗೀತದಂತ."

ಗೆಳೆಯರೂ ನಾನೂ ಮೊದಲು ನೋಡಿದ್ದು ಒಪ್ಪಂದವನ್ನಲ್ಲ, ಅದರ ಜೊತೆಗಿದ್ದ ಒಪ್ಪಿಗೆಯ ಪತ್ರವನ್ನು. ಹಸ್ತಪ್ರತಿ ಕಳಿಸಿದ ಎರಡನೇ ದಿನಕ್ಕೆ ಉತ್ತರ ಬಂದಿತ್ತು. 'ನಿಮ್ಮ ಕೃತಿ ಅದ್ಭುತವಾಗಿದೆ, ಸಮಾಜಕ್ಕೆ ಬೇಕಾದದ್ದು' ಎಂದಿತ್ತೇ ಹೊರತು ಹನ್ನೊಂದರಲ್ಲಿ ಒಂದು ಕಥೆಯ ಹೆಸರೂ ಅದರಲ್ಲಿರಲಿಲ್ಲ. ಯಾವ ಕಥೆ ಸಡಿಲ, ಯಾವುದನ್ನು ಕೈಬಿಡಬೇಕು, ಯಾವುದು ಮೊದಲು ಬರಬೇಕು ಎಂಬ ಮಾತೂ ಇಲ್ಲ. ಓದಿದ ಸಂಪಾದಕ ಏನಾದರೂ ತಕರಾರು ತೆಗೆದೇ ತೆಗೆಯುತ್ತಾನೆ. ತಕರಾರಿಲ್ಲದ ಹೊಗಳಿಕೆ ಬಂದರೆ ಫೈಲು ತೆರೆದೇ ಇಲ್ಲ ಎಂದು ತಿಳಿಯಬಹುದು.

ಒಪ್ಪಂದದ ಮುಖ್ಯ ಅಂಶ ಇಷ್ಟು: 112 ಪುಟದ ಪುಸ್ತಕ, ಡೆಮಿ 1/8 ಅಳತೆ, ಬೆಲೆ 150 ರೂಪಾಯಿ. ಲೇಖಕಿ 28,000 ರೂಪಾಯಿ ಕೊಡಬೇಕು. ಅವರಿಗೆ 50 ಪ್ರತಿ. 'ದೇಶಾದ್ಯಂತ ಮಾರಾಟ', 'ನಿವ್ವಳ ಲಾಭದ ಶೇ. 70 ರಾಯಧನ (ರಾಯಲ್ಟಿ)'.

ಡಿಟಿಪಿ ಗೆಳೆಯರು ಕ್ಯಾಲ್ಕುಲೇಟರ್ ತೆಗೆದರು. 28,000 ಭಾಗಿಸು 50. ಒಂದು ಪ್ರತಿ 560 ರೂಪಾಯಿಗೆ ಬಿತ್ತು, 150 ರೂಪಾಯಿ ಬೆಲೆಯ ಪುಸ್ತಕ! ಅದೇ 112 ಪುಟವೆಂದರೆ ಹದಿನಾರು ಪುಟದ ಏಳು ಫಾರಂ (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು). 70 ಜಿಎಸ್‌ಎಂ ತೂಕದ ಮ್ಯಾಪ್‌ಲಿಥೊ ಕಾಗದ, 300 ಜಿಎಸ್‌ಎಂ ಆರ್ಟ್ ಕಾರ್ಡಿನ ರಕ್ಷಾಪುಟ, ಮ್ಯಾಟ್ ಲ್ಯಾಮಿನೇಶನ್, ಅಂಟು ಹಾಕಿದ ಬೈಂಡಿಂಗ್ ಎಂದು ಹೇಳಿ ಪರಿಚಯದ ಪ್ರೆಸ್ಸಿನವರಿಗೆ ಫೋನ್ ಮಾಡಿ ಕೇಳಿದರೆ 300 ಪ್ರತಿಗೆ 21,000 ಅಂದರು. ಪ್ರತಿಗೆ 70 ರೂಪಾಯಿ, ಮುನ್ನೂರೂ ಲೇಖಕಿಯವೇ. ಹಾಗೆಂದು ಇದೂ ಸುಲಭದ ದಾರಿಯಲ್ಲ. ಮಾರಾಟಗಾರರಿಗೆ ಶೇ. 40 ರಿಯಾಯಿತಿ ಬಿಟ್ಟರೆ ಪ್ರತಿಗೆ ಕೈಗೆ ಬರುವುದು 90 ರೂಪಾಯಿ. 234 ಪ್ರತಿ ಹೋದ ಮೇಲೆ ಹಾಕಿದ ದುಡ್ಡು ವಾಪಸು. ಹೊಸಬರ ಕಥಾಸಂಕಲನ 234 ಪ್ರತಿ ಹೋಗುವುದು ಸಣ್ಣ ಮಾತಲ್ಲ. ಉಳಿದವು ಮಂಚದ ಕೆಳಗೆ ಗೆದ್ದಲಿಗೆ.

'ನಿವ್ವಳ ಲಾಭದ ಶೇ. 70' ಎಂಬ ಸಾಲು ಎಲ್ಲರನ್ನೂ ಮೋಸಗೊಳಿಸುವಂಥದ್ದು. ಶಿಕ್ಷಕಿಯೂ ಅದಕ್ಕೇ ಮನಸೋತಿದ್ದರು, ಬೇರೆಯವರು ಹತ್ತು ಪರ್ಸೆಂಟ್ ಕೊಡುವಾಗ ಇವರು ಎಪ್ಪತ್ತು ಕೊಡುತ್ತಾರಲ್ಲ ಎಂದು. ಲೆಕ್ಕ ಒಪ್ಪಂದದ ಅನುಬಂಧದಲ್ಲೇ ಇತ್ತು. ಮುದ್ರಣಕ್ಕೆ 75, ಮಾರಾಟ ಜಾಲತಾಣದ ಪಾಲು 60, ಉಳಿದ ಲಾಭ 15. ಅದರಲ್ಲಿ ಶೇ. 70 ಅಂದರೆ ಹತ್ತೂವರೆ ರೂಪಾಯಿ. ಮುಖಬೆಲೆಯ ಮೇಲೆ ಶೇ. 10 ಆಗಿದ್ದರೆ 15 ರೂಪಾಯಿ ಬರುತ್ತಿತ್ತು. ಹಾಗಾಗಿ ಶೇಕಡಾ ಎಷ್ಟು ಎನ್ನುವುದಕ್ಕಿಂತ ಯಾವುದರ ಶೇಕಡಾ ಎಂದು ಮೊದಲು ಕೇಳಬೇಕು. ಲಾಭವನ್ನು ಬರೆಯುವವರು ಅವರು, ಖರ್ಚನ್ನು ಬರೆಯುವವರೂ ಅವರೇ. ಮುಖಬೆಲೆ ಮಾತ್ರ ಪುಸ್ತಕದ ಬೆನ್ನ ಮೇಲೆ ಅಚ್ಚಾಗಿರುತ್ತದೆ, ಯಾರೂ ತಿದ್ದಲಾರರು.

ಹಕ್ಕಿನ ಕಲಮು ಇಂಗ್ಲಿಷಿನಲ್ಲಿತ್ತು. ಎಲ್ಲ ಭಾಷೆ, ಎಲ್ಲ ಮಾಧ್ಯಮ, ಸಿನಿಮಾ, ಆಡಿಯೊ, ಇಡೀ ಜಗತ್ತು, ಶಾಶ್ವತವಾಗಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಲೇಖಕರ ಪರವಾಗಿಯೇ ಇದೆ: ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು, ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಅರ್ಥ. ಆದರೆ ಇದು ಬರೆಯದೆ ಬಿಟ್ಟದ್ದಕ್ಕೆ ಸಿಗುವ ರಕ್ಷಣೆ. 'ಶಾಶ್ವತ' ಎಂದು ಬರೆದ ಕಾಗದಕ್ಕೆ ನೀವೇ ಸಹಿ ಹಾಕಿದರೆ ಆ ಐದು ವರ್ಷದ ಆಸರೆ ಹೋಯಿತು. ಕೃತಿಸ್ವಾಮ್ಯ ಇರುವುದು ಲೇಖಕರ ಜೀವಿತಾವಧಿ ಮತ್ತು ನಂತರ 60 ವರ್ಷ. ಆಕೆಗೆ ಈಗ ಇಪ್ಪತ್ತೊಂಬತ್ತು. ಮೊಮ್ಮಕ್ಕಳ ಕಾಲದವರೆಗಿನ ಹಕ್ಕನ್ನು ತಾವೇ 28,000 ಕೊಟ್ಟು ಬಿಟ್ಟುಕೊಡುವ ಕಾಗದ ಅದು.

ಸರಿಯಾದ ಒಪ್ಪಂದದಲ್ಲಿ ಏನಿರಬೇಕು ಎಂದು ಅದೇ ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದದ್ದಾಯಿತು. ಕನ್ನಡದ ಮುದ್ರಿತ ಪುಸ್ತಕದ ಹಕ್ಕು ಮಾತ್ರ, ಮೂರರಿಂದ ಐದು ವರ್ಷ. ಅನುವಾದ, ಆಡಿಯೊ, ನಾಟಕ, ಸಿನಿಮಾ ಲೇಖಕಿಯವು. ಮೊದಲ ಮುದ್ರಣ ಎಷ್ಟು ಪ್ರತಿ ಎಂದು ಅಂಕಿಯಲ್ಲಿ ಇರಬೇಕು. ಲೆಕ್ಕಪತ್ರ ವರ್ಷಕ್ಕೊಮ್ಮೆ, ತಿಂಗಳು ನಮೂದಿಸಿ. ಪ್ರತಿ ಮುಗಿದು ಆರು ತಿಂಗಳಾದರೂ ಮರುಮುದ್ರಣವಾಗದಿದ್ದರೆ ಹಕ್ಕು ತಾನಾಗಿ ವಾಪಸು. ಕರಡು ಎರಡು ಸಲ ಲೇಖಕಿಯ ಕೈಗೆ. ದುಡ್ಡು ಲೇಖಕಿಯದೇ ಆದರೆ ಮುದ್ರಣಕ್ಕೆ ಸಿದ್ಧವಾದ ಫೈಲೂ ರಕ್ಷಾಪುಟದ ಫೈಲೂ ಆಕೆಗೇ ಸೇರಬೇಕು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ, ಎರಡನೇ ಮುದ್ರಣಕ್ಕೆ ಹೊರಟಾಗ ಮತ್ತೆ ಡಿಟಿಪಿಯಿಂದ ಶುರುಮಾಡುತ್ತಾರೆ.

ಇನ್ನು ಸಂಸ್ಥೆ ಯಾರದು ಎಂಬುದು. ಕಾಗದದ ತಲೆಯ ಮೇಲೆ 'ಪ್ರೈವೇಟ್ ಲಿಮಿಟೆಡ್' ಎಂದಿತ್ತು, ಕೆಳಗೆ ಹದಿನೈದು ಅಕ್ಷರದ ಜಿಎಸ್‌ಟಿ ಸಂಖ್ಯೆ. ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರ ಪ್ಯಾನ್. ಪ್ಯಾನಿನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೆಯದು, ಮಾಲೀಕತ್ವ ಯಾವ ಬಗೆಯದು ಎಂದು ಹೇಳುತ್ತದೆ: ಕಂಪನಿಗೆ 'ಸಿ', ಪಾಲುದಾರಿಕೆಗೆ 'ಎಫ್', ಟ್ರಸ್ಟಿಗೆ 'ಟಿ', ಒಬ್ಬ ವ್ಯಕ್ತಿಗೆ 'ಪಿ'. ಇಲ್ಲಿ 'ಪಿ' ಇತ್ತು. ಒಬ್ಬರೇ ನಡೆಸುವ ಪ್ರಕಾಶನ ತಪ್ಪಲ್ಲ, ಕನ್ನಡದ ಎಷ್ಟೋ ಒಳ್ಳೆಯ ಪ್ರಕಾಶನಗಳು ಮನೆಯ ಒಂದು ಕೋಣೆಯಲ್ಲಿ ನಡೆದಂಥವು. ವ್ಯಕ್ತಿಯೊಬ್ಬರು ಕಂಪನಿಯ ಟೊಪ್ಪಿಗೆ ಹಾಕಿಕೊಂಡದ್ದು ತಪ್ಪು.

ಪ್ಯಾಕೇಜಿನ ಪಟ್ಟಿಯಲ್ಲಿ 'ಐಎಸ್‌ಬಿಎನ್: 1,500 ರೂ.' ಎಂದೂ ಇತ್ತು. ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ಸಂಖ್ಯೆ. ಭಾರತದಲ್ಲಿ ಅದನ್ನು ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ, ಅದು ಉಚಿತ. ಪ್ರಕಾಶಕರಷ್ಟೇ ಅಲ್ಲ, ಲೇಖಕರು ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಐಎಸ್‌ಬಿಎನ್ ಸಿಕ್ಕರೆ ಕೃತಿಸ್ವಾಮ್ಯ ಸಿಕ್ಕಂತೆ ಎಂದು ನಂಬಿದವರು ನಮ್ಮ ಕಡೆ ಇನ್ನೂ ಇದ್ದಾರೆ. ಎರಡಕ್ಕೂ ಸಂಬಂಧವಿಲ್ಲ. ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ಲೇಖಕರದು, ನೋಂದಣಿ ಕಡ್ಡಾಯವಲ್ಲ.

ಅದೇ ಪ್ರಕಾಶನದ ಪುಸ್ತಕವೊಂದನ್ನು ಶಿಕ್ಷಕಿಯ ಸಹೋದ್ಯೋಗಿ ಕೊಟ್ಟಿದ್ದರು, ಅದು ಚೀಲದಲ್ಲಿತ್ತು. ಯಾವುದೇ ಪ್ರಕಾಶಕರನ್ನು ತೂಗಿ ನೋಡಲು ಅವರ ಒಂದು ಪುಸ್ತಕ ಕೈಯಲ್ಲಿರಬೇಕು, ಜಾಹೀರಾತು ಸಾಲದು. ಶೀರ್ಷಿಕೆ ಪುಟದ ಬೆನ್ನಿಗೆ ಮುದ್ರಣ ವರ್ಷ, ಪ್ರತಿಗಳ ಸಂಖ್ಯೆ, ಕಾಗದ, ಅಳತೆ, ಪುಟ, ಬೆಲೆ, ಹಕ್ಕು ಯಾರದು, ಮುದ್ರಕರು ಯಾರು ಎಂದು ಅಚ್ಚು ಮಾಡುವುದು ಕನ್ನಡದ ರೂಢಿ. ಈ ಪುಸ್ತಕದಲ್ಲಿ ಪ್ರತಿಗಳ ಸಂಖ್ಯೆಯೂ ಇಲ್ಲ, ಮುದ್ರಕರ ಹೆಸರೂ ಇಲ್ಲ. ಐಎಸ್‌ಬಿಎನ್ ಇತ್ತು. ಗೆಳೆಯರು ಅದನ್ನೂ ಬಿಡಲಿಲ್ಲ. ಹದಿಮೂರು ಅಂಕಿಯಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ಮೊದಲ ಹನ್ನೆರಡನ್ನು ಒಂದು ಬಿಟ್ಟು ಒಂದರಂತೆ ಹಾಗೇ ಇಟ್ಟು, ನಡುವಿನವನ್ನು ಮೂರು ಪಟ್ಟು ಮಾಡಿ ಎಲ್ಲ ಕೂಡಬೇಕು. ಕೂಡಿದಾಗ 97 ಬಂತು. ಮುಂದಿನ ಹತ್ತರ ಮಗ್ಗಿ 100, ಹಾಗಾಗಿ ಹದಿಮೂರನೆಯದು 3 ಇರಬೇಕು. ಅಲ್ಲಿದ್ದದ್ದು 8.

"ಅಚ್ಚಿನ ತಪ್ಪೂ ಇರಬಹುದ್ರಿ ಟೀಚರ," ಅಂದರು ಗೆಳೆಯರು. ನ್ಯಾಯದ ಮಾತೇ. ಆದರೆ ಹಿಂಬದಿಯ ಬಾರ್‌ಕೋಡಿಗೆ ಮೊಬೈಲ್ ಹಿಡಿದರೆ ಬೇರೆಯದೇ ಸಂಖ್ಯೆ ತೋರಿಸಿತು.

ಉಳಿದೆರಡು ಕಾಗದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕವನ ಸಂಕಲನಕ್ಕೆ 60 ಕವಿಗಳು, ತಲಾ 500 ರೂಪಾಯಿ, ಕವಿಗೆ ಒಂದು ಪ್ರತಿ ಮತ್ತು ಪ್ರಮಾಣಪತ್ರ. ಒಟ್ಟು 30,000 ಸಂಗ್ರಹ. ಅರವತ್ತು ಪ್ರತಿ ಅಚ್ಚಾದರೆ ಮುಗಿಯಿತು. ಓದುಗರೇ ಬೇಕಿಲ್ಲದ ಪುಸ್ತಕ, ಬರೆದವರೇ ಕೊಂಡವರು. ನೋಂದಣಿ ಶುಲ್ಕ ಕಟ್ಟಿಸಿಕೊಂಡು ಶಾಲು, ಹಾರ ಹಾಕುವ ಪ್ರಶಸ್ತಿಗಳೂ ಇದೇ ವ್ಯಾಪಾರದ ಇನ್ನೊಂದು ಅಂಗಡಿ.

ಕಥಾಸ್ಪರ್ಧೆಯ ಪ್ರಕಟಣೆಯಲ್ಲಿ ಬಹುಮಾನದ ಮೊತ್ತ ದಪ್ಪಕ್ಷರದಲ್ಲಿ, ಪ್ರವೇಶ ಶುಲ್ಕ ಸಣ್ಣಕ್ಷರದಲ್ಲಿ. ತೀರ್ಪುಗಾರರ ಹೆಸರಿಲ್ಲ, ಹಿಂದಿನ ವರ್ಷ ಗೆದ್ದವರ ಹೆಸರಿಲ್ಲ, ಫಲಿತಾಂಶದ ದಿನಾಂಕವಿಲ್ಲ. ಕನ್ನಡದ ಹೆಸರುವಾಸಿ ಕಥಾಸ್ಪರ್ಧೆಗಳಲ್ಲಿ ಪ್ರವೇಶ ಶುಲ್ಕದ ರೂಢಿ ಇಲ್ಲ. ಇದಕ್ಕಿಂತ ಕೆಟ್ಟದ್ದು ಆರನೇ ನಿಯಮ: 'ಬಂದ ಎಲ್ಲ ಕಥೆಗಳ ಹಕ್ಕು ಸಂಘಟಕರದು.' ಸೋತವರ ಕಥೆಯೂ ಅವರದ್ದೇ ಅಂತೆ! ಗೆದ್ದ ಕಥೆಯನ್ನು ಮೊದಲು ಪ್ರಕಟಿಸುವ ಹಕ್ಕು ಕೇಳಿದರೆ ಅದು ಸಹಜ, ಅದರಾಚೆ ಬೇಡ.

ಆಗ ಆಕೆ ಕೇಳಿದ ಪ್ರಶ್ನೆ ಆ ಮಧ್ಯಾಹ್ನದ ಮುಖ್ಯ ಪ್ರಶ್ನೆ. "ಹಂಗಾದ್ರ ಆ 21,000ದಾಗ ನಾನೇ ಅಚ್ಚು ಹಾಕಿಸಿಬಿಡ್ಲೇನ್ರಿ ಸರ?"

ಹಾಕಿಸಬಹುದು. ಆದರೆ ಚೊಚ್ಚಲ ಎಂಬುದು ಒಂದು ಬಾರಿ ಖರ್ಚಾದರೆ ಮುಗಿಯಿತು. ಛಂದ ಪುಸ್ತಕ ಪ್ರಕಾಶನದವರು ನಡೆಸಿಕೊಂಡು ಬಂದ ಹಸ್ತಪ್ರತಿ ಸ್ಪರ್ಧೆ ಇನ್ನೂ ಕಥಾಸಂಕಲನ ತರದ ಹೊಸಬರಿಗೆ. ಗೆದ್ದ ಹಸ್ತಪ್ರತಿಯನ್ನು ಅವರೇ ಪುಸ್ತಕ ಮಾಡುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇರುವುದು ಯುವ ಬರಹಗಾರರ ಚೊಚ್ಚಲ ಕೃತಿಗೆ. ಆಯಾ ವರ್ಷದ ಪ್ರಕಟಣೆಯಲ್ಲಿ ವಯಸ್ಸಿನ ಮಿತಿ, ಕೊನೆಯ ದಿನಾಂಕ ನೋಡಿಕೊಳ್ಳಬೇಕು. ಆನ್‌ಲೈನ್ ಪ್ರಕಾಶನದ ಐವತ್ತು ಪ್ರತಿಯ ಪುಸ್ತಕವೂ ಪುಸ್ತಕವೇ. ಅದಕ್ಕೆ ಐಎಸ್‌ಬಿಎನ್ ಬಿತ್ತೆಂದರೆ ಈ ಬಾಗಿಲುಗಳು ಮುಚ್ಚಿದಂತೆಯೇ. ಎರಡನೇ ಪುಸ್ತಕಕ್ಕೆ ಅವಸರ ಮಾಡಿದರೂ ನಡೆದೀತು, ಮೊದಲನೆಯದಕ್ಕೆ ಬೇಡ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ ಮಿತಿ 35 ವರ್ಷ, ಆಕೆಗೆ ಇನ್ನೂ ಕಾಲವಿದೆ.

ಅಲ್ಲಿಯವರೆಗೆ ಕಥೆಗಳು ಒಂದೊಂದಾಗಿ ಪತ್ರಿಕೆಗೆ ಹೋಗಬೇಕು: ಮಯೂರ, ತುಷಾರ, ಸುಧಾ, ತರಂಗ, ದಿನಪತ್ರಿಕೆಗಳ ಭಾನುವಾರದ ಪುರವಣಿ, ದೀಪಾವಳಿ ವಿಶೇಷಾಂಕದ ಸ್ಪರ್ಧೆ. ಹನ್ನೊಂದರಲ್ಲಿ ನಾಲ್ಕು ಅಚ್ಚಾದರೆ ಪ್ರಕಾಶಕರಿಗೆ ಬರೆಯುವ ಪತ್ರದ ದನಿಯೇ ಬೇರೆಯಾಗುತ್ತದೆ.

"ಎರಡು ಕಡಿ ಕಳಿಸಿದ್ದೆರಿ. ಉತ್ತರಾನೇ ಇಲ್ಲ."

ಕಳಿಸಿದ ಮೇಲ್ ತೆರೆಸಿ ನೋಡಿದೆವು. ಒಂದೇ ಕಥೆ, ಒಂದೇ ದಿನ, ಎರಡು ಪತ್ರಿಕೆಗೆ, ಇಬ್ಬರ ವಿಳಾಸವೂ ಒಬ್ಬರಿಗೊಬ್ಬರಿಗೆ ಕಾಣುವಂತೆ. ಫೈಲು 'ನುಡಿ' ತಂತ್ರಾಂಶದ ಹಳೆಯ ಫಾಂಟಿನದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಸೊಟ್ಟ ಗೆರೆ ಎಳೆದಂತೆ ಕಾಣುತ್ತದೆ, ಕನ್ನಡವೇ ಇರುವುದಿಲ್ಲ. ಕಥೆಯನ್ನು ಯಾರೂ ತಿರಸ್ಕರಿಸಿರಲಿಕ್ಕಿಲ್ಲ. ಓದಲು ಆಗಿರಲಿಕ್ಕಿಲ್ಲ, ಅಷ್ಟೆ.

ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಯೂನಿಕೋಡಿಗೆ ಗೆಳೆಯರು ಬದಲಿಸಿ ಕೊಟ್ಟರು. ಬದಲಿಸಿದ್ದನ್ನು ಹಾಗೇ ಕಳಿಸಬಾರದು. ಎಲ್ಲ ಪರಿವರ್ತಕವೂ ಅರ್ಕಾವತ್ತನ್ನು ಸರಿಯಾಗಿ ಹಿಡಿಯುವುದಿಲ್ಲ. 'ವರ್ಷ' ಹೋಗಿ 'ವಷರ್' ಆಗಿತ್ತು, 'ಸೂರ್ಯ' ಹೋಗಿ 'ಸೂಯರ್'. ಉದ್ಧರಣ ಚಿಹ್ನೆಗಳನ್ನೂ ಒಮ್ಮೆ ನೋಡಬೇಕು. ಹುಡುಕುವ ಪೆಟ್ಟಿಗೆಯಲ್ಲಿ 'ಷರ್', 'ಯರ್', 'ಮರ್', 'ಥರ್' ಎಂದು ಒಂದೊಂದೇ ಕೊಟ್ಟು, ಕಣ್ಣಿಂದ ನೋಡಿಯೇ ತಿದ್ದಬೇಕು. ಒಟ್ಟಿಗೆ ಬದಲಿಸಿದರೆ 'ಎಂಜಿನಿಯರ್' ತರಹದ ಸರಿಯಿದ್ದ ಪದವೂ ಕೆಡುತ್ತದೆ.

ಮೂರನೇ ಕಥೆ ಆರಿಸಿದ್ದಾಯಿತು, 2,100 ಪದದ್ದು. ಒಂದೇ ಪತ್ರಿಕೆಗೆ. ಯೂನಿಕೋಡ್ ಕಡತ, ಜೊತೆಗೆ ಪಿಡಿಎಫ್. ಮೇಲಿನ ವಿಷಯದ ಸಾಲಿನಲ್ಲಿ 'ಕಥೆ', ಶೀರ್ಷಿಕೆ, ಹೆಸರು. ಒಳಗೆ ನಾಲ್ಕೇ ಸಾಲು: ಸ್ವಂತ ರಚನೆ, ಫೇಸ್‌ಬುಕ್ ಸೇರಿ ಎಲ್ಲೂ ಪ್ರಕಟವಾಗಿಲ್ಲ, ಪದಗಳ ಸಂಖ್ಯೆ, ವಿಳಾಸ ಮತ್ತು ಫೋನ್. ಕಥೆಯ ಸಾರಾಂಶ ಬೇಡ, ಬಾಲ್ಯದ ಕಷ್ಟವೂ ಬೇಡ. ಕಳಿಸಿದ ದಿನಾಂಕವನ್ನು ಶಾಲೆಯ ಡೈರಿಯಲ್ಲೇ ಬರೆದುಕೊಂಡರು, ಮೂರು ತಿಂಗಳ ಮುಂದಿನ ತಾರೀಖಿಗೆ ಒಂದು ಗುರುತು ಹಾಕಿ. ಅಲ್ಲಿಯವರೆಗೆ ಉತ್ತರ ಬರದಿದ್ದರೆ 'ಹಿಂಪಡೆಯುತ್ತಿದ್ದೇನೆ' ಎಂದು ಒಂದು ಸಾಲು ಬರೆದು ಬೇರೆಡೆಗೆ.

"ಮೂರು ತಿಂಗಳಾ!" ಅಂದರು ಶಿಕ್ಷಕಿ, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು.

"ತಡೀರಿ ಟೀಚರ," ಗೆಳೆಯರು ಪರದೆಯ ಹತ್ತಿರ ಬಗ್ಗಿದರು. "ನಾಕನೇ ಪುಟದಾಗ ಇನ್ನೊಂದು 'ಕಾಯರ್ಕ್ರಮ' ಉಳದದ ನೋಡ್ರಿ."